ನಾನು ಖಾಲಿ ಎಂದು ಬರೆದ ಜಾಗ

ಮೂವತ್ತೈದು ವರ್ಷ ಗೋರಿಗಳ ನಡುವೆ ಕೆಲಸ ಮಾಡಿದ್ದೇನೆ ಎಂದರೆ ಜನ ಮೊದಲು ಕೇಳುವುದು ದೆವ್ವದ ವಿಷಯ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ಕೇಳಿದ್ದಾರೆ, ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ್ದಾನೆ, ನನ್ನ ಹಲ್ಲು ಕಿತ್ತ ಡಾಕ್ಟರರು ಬಾಯಿಗೆ ಹತ್ತಿ ತುರುಕಿದ ಮೇಲೆ ಕೇಳಿದ್ದಾರೆ. ಒಂದು ದೆವ್ವವೂ ನನ್ನ ಕಣ್ಣಿಗೆ ಬಿದ್ದಿಲ್ಲ. ಹಾವು ಕಂಡಿದ್ದೇನೆ, ಜಾಲಿಮುಳ್ಳು ತುಳಿದಿದ್ದೇನೆ, ಜೇನುಹುಳ ಬೆನ್ನಟ್ಟಿದಾಗ ಪ್ಯಾಂಟು ಹರಿದುಕೊಂಡು ಓಡಿದ್ದೇನೆ. ನಿಜವಾಗಿ ಹೆದರಿದ್ದು ಒಂದೇ ಸಲ, ಅದೂ ನಾನೇ ಬರೆದ ಒಂದು ಕಾಗದವನ್ನು ನೋಡಿ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಅದು ಹೇಗೆ, ಇದು ಹೇಗೆ ಎಂದು ಕೇಳುತ್ತಾರೆ. ಅವರಿಗೆ ಆ ಕಾಗದದ ಕಥೆ ಹೇಳಬೇಕೆಂದೇ ಇದನ್ನು ಬರೆಯಲು ಕುಳಿತಿದ್ದೇನೆ.

ನಾನು ಪುರಾತತ್ವ ಇಲಾಖೆಯಲ್ಲಿ ನಕ್ಷೆಗಾರನಾಗಿದ್ದೆ. ಪುರಾತತ್ವ ಎಂದರೆ ನೆಲ ಅಗೆದು ಚಿನ್ನದ ಕೊಡ ತೆಗೆಯುವುದು ಎಂದುಕೊಂಡವರಿಗೆ ಮೊದಲೇ ಹೇಳಿಬಿಡುತ್ತೇನೆ. ನನ್ನ ಪಾಲಿಗೆ ಬಂದದ್ದು ಮುಸಲ್ಮಾನರ ಹಳೆಯ ಖಬರಸ್ತಾನಗಳು. ಅಲ್ಲಿ ಒಂದು ಸಲಿಕೆ ಮಣ್ಣನ್ನೂ ನಾವು ಎತ್ತುವಂತಿರಲಿಲ್ಲ. ಅಗೆಯದೆ, ಕದಲಿಸದೆ, ಮೇಲಿನಿಂದ ನೋಡಿಯೇ ಯಾವ ಗೋರಿ ಎಷ್ಟು ಹಳೆಯದು, ಯಾವ ಪದ್ಧತಿಯದು ಎಂದು ಬರೆಯಬೇಕು. ಉಮರ್ಗಾ, ನಿಲಂಗಾ, ಉದಗೀರ, ಮರಾಠಿ ಆಡಳಿತದ ಈ ಮೂರು ಗಡಿ ತಾಲ್ಲೂಕು ನನ್ನ ಸೀಮೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಎರಡು ಬಂದವು, ಎರಡರಲ್ಲೂ ಕೆಲಸ ಅದೇ ಇತ್ತು, ಕುರ್ಚಿಗೆ ಮಾತ್ರ ಕೈ ಬಂದವು.

ಉದಗೀರದಲ್ಲಿ ನಮ್ಮದು ಅರಿವೆ ಅಂಗಡಿ. ಮನೆಯಲ್ಲಿ ಲಿಂಗಪೂಜೆಯಾಗದೆ ಯಾರಿಗೂ ಚಹಾ ಸಿಗುತ್ತಿರಲಿಲ್ಲ. ಅಂಥ ಮನೆಯ ಮಗ ಅಳತೆಯ ಸರಪಳಿ ಹಿಡಿದು ಖಬರಸ್ತಾನ ಅಳೆಯಲು ಹೋಗುತ್ತಾನೆ ಎಂದಾಗ ಅವ್ವ ಹಿತ್ತಿಲಲ್ಲಿ ಒಂದು ಹಂಡೆ ನೀರು ಇಡತೊಡಗಿದಳು. ಸ್ನಾನ ಮಾಡಿಯೇ ಒಳಗೆ ಬರಬೇಕು. ಅಪ್ಪ ಮಾತ್ರ ಗಜಕಟ್ಟಿಗೆ ಕೆಳಗಿಟ್ಟು, “ಅರಿವಿ ಅಳಿಯೂದು ಬಿಟ್ಟು ಗೋರಿ ಅಳೀಲಿಕ್ಕ ಹೊಂಟಿದಿ. ಹೋಗು. ಅಲ್ಲಿ ಅಳತಿ ಕಡಿಮಿ ಮಾಡಬ್ಯಾಡ. ಅರಿವಿ ಗಿರಾಕಿ ತಿರುಗಿ ಬಂದು ಕೇಳತಾನ, ಅವರು ಕೇಳೂದಿಲ್ಲ,” ಎಂದರು. ನಾನು ನಕ್ಕುಬಿಟ್ಟೆ. ಇಪ್ಪತ್ಮೂರು ವರ್ಷದವನಿಗೆ ಅಪ್ಪ ಹೇಳಿದ್ದೆಲ್ಲ ನಗು ತರಿಸುತ್ತದೆ.

ನನಗೇನೂ ಆ ಜಾಗ ಪರಕೀಯ ಅನ್ನಿಸಲಿಲ್ಲ. ನಾವೂ ಹೂಳುವವರೇ. ನಮ್ಮವರನ್ನು ಕೂರಿಸಿ, ವಿಭೂತಿ ಇಟ್ಟು ಹೂಳುತ್ತೇವೆ. ಅವರು ಮಲಗಿಸಿ ಹೂಳುತ್ತಾರೆ. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಬಲಮಗ್ಗುಲಾಗಿ, ಮುಖ ಮಕ್ಕಾ ಇರುವ ಪಡುವಣಕ್ಕೆ. ಆದ್ದರಿಂದ ನಮ್ಮ ಸೀಮೆಯ ಖಬರಸ್ತಾನದಲ್ಲಿ ಎಲ್ಲ ಗೋರಿಗಳೂ ಉತ್ತರ ದಕ್ಷಿಣವಾಗಿ ಚಾಚಿರುತ್ತವೆ. ದಿಕ್ಸೂಚಿ ಮರೆತು ಬಂದ ದಿನ ನಾನು ಗೋರಿ ನೋಡಿಯೇ ಉತ್ತರ ಹಿಡಿದದ್ದುಂಟು.

ಮೊದಲ ತಪ್ಪು ಮೊದಲ ವಾರವೇ ಆಯಿತು. ಉದಗೀರದ ಹಳೆಯ ಖಬರಸ್ತಾನವೊಂದರಲ್ಲಿ ಮೂರು ಕಾಲಿನ ಮೇಜು ನಿಲ್ಲಿಸಬೇಕಿತ್ತು. ಅದರ ಮೇಲೆ ಹಾಳೆ ಹರಡಿ, ದೂರದ ಗುರುತುಗಳನ್ನು ಕಣ್ಣಳತೆಗೆ ಹಿಡಿದು ನಕ್ಷೆ ಬರೆಯುವ ಕಾಲ ಅದು. ನೆಲ ತಗ್ಗುದಿಣ್ಣೆಯಾಗಿತ್ತು. ಸಮತಟ್ಟಾಗಿ ಕಂಡದ್ದು ಒಂದು ಗೋರಿಯ ಕಟ್ಟೆ. ಚಪ್ಪಲಿ ಸಮೇತ ಹತ್ತಿ ಮೇಜು ನಿಲ್ಲಿಸಿಬಿಟ್ಟೆ. ಅಲ್ಲಿನ ಮುಜಾವರರು, ಅಂದರೆ ಆ ಜಾಗ ನೋಡಿಕೊಳ್ಳುವ ಮುದುಕರು, ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತ ಬಂದು ನಿಂತರು. ಬೈಯಲಿಲ್ಲ. ನಾನು ಯಾರ ಮಗ ಎಂದು ಕೇಳಿದರು. ಹೇಳಿದೆ.

“ನಿಮ್ಮಪ್ಪನ ಅಂಗಡಿಗಿ ನಾ ನಲವತ್ತು ವರ್ಷದಿಂದ ಬರತೀನಿ,” ಎಂದರು. “ಗಾದಿ ಮ್ಯಾಲ ಕೂಡೂ ಮದ್ಲ ಚಪ್ಪಲಿ ಬಿಡತೀನಿ. ಇದೂ ಒಬ್ಬರ ಗಾದಿನೇ ಅದ, ತಮ್ಮಾ.”

ನಾನು ಇಳಿದ ವೇಗ ನೋಡಿ ಅವರೇ ಹೆದರಿ ಕೈ ಹಿಡಿದರು. ಅಂದಿನಿಂದ ನನ್ನ ಮೇಜಿನ ಕಾಲುಗಳು ಗೋರಿಗಳ ನಡುವಿನ ಓಣಿಯಲ್ಲೇ ನಿಂತವು. ಇದರಿಂದ ನಕ್ಷೆ ಬರೆಯಲು ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು, ಹಿಡಿಯಲಿ. ಈಗಿನ ಯಂತ್ರಗಳಿಗೂ ಮೂರು ಕಾಲಿವೆ, ಅವಕ್ಕೂ ಇದೇ ನಿಯಮ.

ಎರಡನೆಯದು ನಿಲಂಗಾ ಕಡೆಯದು. ಅಷ್ಟು ಹೊತ್ತಿಗೆ ನನಗೆ ಸ್ವಲ್ಪ ವಿದ್ಯೆ ಬಂದು, ಸೊಕ್ಕು ಅದಕ್ಕಿಂತ ಹೆಚ್ಚು ಬಂದಿತ್ತು. ಹಳೆಯ ಕಲ್ಲಿನ ಗೋರಿಗಳ ಮೇಲ್ಭಾಗ ನೋಡಿದರೆ ಒಳಗಿರುವವರು ಗಂಡೋ ಹೆಣ್ಣೋ ಎಂದು ತಿಳಿಯುತ್ತದೆ. ಗಂಡಸಿನ ಗೋರಿಯ ಮೇಲೆ ಉದ್ದಕ್ಕೆ ಒಂದು ದಿಂಡು ಎದ್ದಿರುತ್ತದೆ, ಅದನ್ನು ಕಲಮು ಎನ್ನುತ್ತಾರೆ, ಬರೆಯುವ ಲೇಖನಿ. ಹೆಂಗಸಿನ ಗೋರಿಯ ಮೇಲೆ ಚಪ್ಪಟೆ ಹಲಗೆ, ಅದು ತಖ್ತಿ, ಬರೆಸಿಕೊಳ್ಳುವ ಪಾಟಿ. ಈ ಲೆಕ್ಕ ಯಾರು ಹಾಕಿದರೋ, ಗಂಡಸರೇ ಹಾಕಿರಬೇಕು. ಒಂದು ಊರಲ್ಲಿ ಎಲ್ಲರೂ ಬೀಬಿಯ ಗೋರಿ ಎನ್ನುತ್ತಿದ್ದ ಗೋರಿಯ ಮೇಲೆ ಕಲಮು ಕಂಡಿತು. ನಾನು ಹತ್ತು ಜನರೆದುರು, ನೀವು ತಲೆತಲಾಂತರದಿಂದ ಗಂಡಸೊಬ್ಬನಿಗೆ ಹಸಿರು ಬಳೆ ಏರಿಸುತ್ತ ಬಂದಿದ್ದೀರಿ ಎಂದು ಭಾಷಣ ಮಾಡಿದೆ. ವರದಿಯಲ್ಲೂ ಹಾಗೆಯೇ ಬರೆದೆ.

ಮಾರನೆಯ ದಿನ ಒಬ್ಬ ಮುದುಕ ನನ್ನನ್ನು ಗೋರಿಯ ಹಿಂದಕ್ಕೆ ಕರೆದೊಯ್ದು ತೋರಿಸಿದ. ಮೇಲಿನ ಕಲ್ಲು ಒಂದು ಬಣ್ಣ, ಕೆಳಗಿನ ಕಟ್ಟೆ ಇನ್ನೊಂದು ಬಣ್ಣ. ಹಿಂದೆಂದೋ ಎತ್ತಿನ ಬಂಡಿ ಉರುಳಿ ಬೀಬಿಯ ತಖ್ತಿ ಒಡೆದಿತ್ತಂತೆ. ಅವನ ಅಜ್ಜ ಪಾಳುಬಿದ್ದ ಇನ್ನೊಂದು ಕಡೆ ಸಿಕ್ಕ ಕಲ್ಲು ತಂದು ಮುಚ್ಚಿದ್ದ. ಮುದುಕನಿಗೆ ನನಗೆ ಅವಮಾನ ಮಾಡುವ ಇರಾದೆ ಇರಲಿಲ್ಲ. ಅದಕ್ಕೇ ನಿನ್ನೆ ಹತ್ತು ಜನರೆದುರು ಹೇಳದೆ ಇವತ್ತು ಒಬ್ಬನೇ ಬಂದಿದ್ದ. ನಾನು ವರದಿ ಹರಿದು ಹೊಸದಾಗಿ ಬರೆದೆ. ಹತ್ತು ಜನರನ್ನು ಮತ್ತೆ ಕೂಡಿಸಿ ತಪ್ಪಾಯಿತು ಎನ್ನುವಷ್ಟು ದೊಡ್ಡತನ ಮಾತ್ರ ಆಗ ನನಗೆ ಇರಲಿಲ್ಲ.

ಈಗ ನನ್ನ ಮೊದಲ ಮೇಲಧಿಕಾರಿಯ ವಿಷಯ. ಅವರನ್ನು ನಾವೆಲ್ಲ ದೊಡ್ಡ ಸಾಹೇಬರು ಎನ್ನುತ್ತಿದ್ದೆವು. ಕಲ್ಲಿನ ಜ್ಞಾನ ಅವರಿಗಿದ್ದಷ್ಟು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸಿ ಇದು ಬಹಮನಿಯ ಉಳಿ, ಇದು ಆಮೇಲಿನದು ಎನ್ನುತ್ತಿದ್ದರು. ಹಸಿ ಕಾಗದ ಬಡಿದು ಶಾಸನದ ಅಚ್ಚು ತೆಗೆಯುವುದನ್ನು ಅವರೇ ಕೈಹಿಡಿದು ಕಲಿಸಿದರು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುವರು, ಪ್ರೀತಿ ಬಂದರೆ ಇನ್ನೂ ಹೆಚ್ಚು ಬೈಯುವರು. ಅವರ ಸೂತ್ರ ಒಂದೇ. ಕಲ್ಲಿದ್ದರೆ ಗುರುತು ಹಾಕು, ಇಲ್ಲದಿದ್ದರೆ ಖಾಲಿ ಎಂದು ಬರೆ. ನಕ್ಷೆಯಲ್ಲಿ ಅನುಮಾನಕ್ಕೆ ಜಾಗ ಕೊಟ್ಟರೆ ಪೆನ್ಸಿಲ್ ಕಸಿದುಕೊಳ್ಳುವರು. ನಾನು ಅವರ ಮೆಚ್ಚಿನ ಶಿಷ್ಯನಾಗಿದ್ದೆ, ಯಾಕೆಂದರೆ ನನ್ನ ನಕ್ಷೆಗಳಲ್ಲಿ ಅನುಮಾನವೇ ಇರುತ್ತಿರಲಿಲ್ಲ.

ನಾನು ಸೇರಿದ ಮೂರನೆಯ ವರ್ಷ ಉಮರ್ಗಾದಿಂದ ಗುಂಜೋಟಿಗೆ ಹೋಗುವ ದಾರಿಯ ಒಂದು ಹಳ್ಳಿಯ ಖಬರಸ್ತಾನದ ನಕ್ಷೆ ಬರೆದೆ. ಊರಿನ ಹೆಸರು ಬೇಡ. ಒಳಭಾಗದಲ್ಲಿ ಕರಿಕಲ್ಲಿನ ಒಳ್ಳೊಳ್ಳೆಯ ಹಳೆಯ ಗೋರಿಗಳಿದ್ದವು. ಒಂದೊಂದನ್ನೂ ಅಳೆದು ಬಿಡಿಸಿದೆ. ರಸ್ತೆಯ ಮಗ್ಗುಲಿಗೆ, ದಕ್ಷಿಣಕ್ಕೆ, ಒಂದು ಉದ್ದನೆಯ ಪಟ್ಟಿ ಬರೀ ಎರೆ ಮಣ್ಣಿನ ಬಯಲಾಗಿತ್ತು. ಒಂದು ಬೇವಿನಮರ ಬಿಟ್ಟರೆ ಏನಿಲ್ಲ. ಅದರ ನೆರಳಲ್ಲಿ ಕುಳಿತು ರೊಟ್ಟಿ ಉಂಡೆ, ಎದ್ದು ಅಂದವಾದ ಅಕ್ಷರದಲ್ಲಿ ಆ ಪಟ್ಟಿಯ ಮೇಲೆ ‘ಖಾಲಿ ಜಾಗ’ ಎಂದು ಬರೆದು ಸಹಿ ಮಾಡಿದೆ. ದೊಡ್ಡ ಸಾಹೇಬರು ಆ ನಕ್ಷೆಯನ್ನು ಗೋಡೆಗೆ ಹಚ್ಚಿ ಬಂದವರಿಗೆಲ್ಲ ತೋರಿಸುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. ಸರಪಳಿ ಹೋಗಿ ಟೇಪು ಬಂತು, ಮೇಜು ಹೋಗಿ ಬೆಳಕಿನಿಂದ ದೂರ ಅಳೆಯುವ ಯಂತ್ರ ಬಂತು, ಕೊನೆಗೆ ಡ್ರೋನು ಬಂತು. ನಾವು ಎಂಟು ದಿನ ಮೇಜು ಹೊತ್ತು ತಿರುಗಿ ಬರೆಯುತ್ತಿದ್ದುದನ್ನು ಅದು ಚಹಾ ಆರುವುದರೊಳಗೆ ಬರೆದು ಕೊಡುತ್ತದೆ. ನನಗೆ ಇದರಿಂದ ಹೊಟ್ಟೆಕಿಚ್ಚಿಲ್ಲ. ಆದರೆ ಯಂತ್ರ ಬದಲಾದರೂ ಹಳೆಯ ಕಾಗದ ಹಾಗೆಯೇ ಉಳಿಯುತ್ತದೆ. ಹೊಸ ಯಂತ್ರದ ನಕ್ಷೆಗಳಿಗೂ ನಮ್ಮ ಹಳೆಯ ನಕ್ಷೆಗಳನ್ನೇ ತಳಪಾಯ ಮಾಡಿದ್ದರು. ನನ್ನ ‘ಖಾಲಿ ಜಾಗ’ ಮೂರು ಕಂಪ್ಯೂಟರುಗಳನ್ನು ದಾಟಿ ಕ್ಷೇಮವಾಗಿ ಮುಂದೆ ಬಂದಿತ್ತು.

ನಿವೃತ್ತಿಗೆ ಹತ್ತು ತಿಂಗಳಿತ್ತು. ಆ ರಸ್ತೆ ಅಗಲ ಮಾಡುವ ಕಡತ ನಮ್ಮ ಕಚೇರಿಗೆ ಬಂತು. ನಿಮ್ಮದೇ ನಕ್ಷೆಯ ಪ್ರಕಾರ ರಸ್ತೆ ಮಗ್ಗುಲಿನ ಪಟ್ಟಿ ಖಾಲಿ ಇರುವುದರಿಂದ ಅಭ್ಯಂತರವಿಲ್ಲ ಎಂದು ಬರೆದುಕೊಡಿ ಎಂಬುದು ಅದರ ಸಾರಾಂಶ. ಜೊತೆಗೆ ನನ್ನ ನಕ್ಷೆಯ ಜೆರಾಕ್ಸ್ ಇತ್ತು. ಅದರ ಹಿಂದೆ ಊರವರ ಒಂದು ಅರ್ಜಿ, ಆ ಪಟ್ಟಿಯ ತುಂಬ ನಮ್ಮವರ ಗೋರಿಗಳಿವೆ ಎಂದು. ಕೆಳಗೆ ಹೆಬ್ಬೆಟ್ಟುಗಳು, ಎಲ್ಲಕ್ಕೂ ಮೊದಲು ಜೈತುನ್‌ಬೀ ಎಂಬವಳದು. ನಾನು ಕೈಯಾರೆ ಅಳೆದ ನೆಲ, ನನಗೆ ಗೊತ್ತಿಲ್ಲದ ಗೋರಿ ಎಲ್ಲಿಂದ ಬಂತು ಎಂದು ಸಿಟ್ಟಿನಿಂದಲೇ ಬಸ್ಸು ಹತ್ತಿದೆ.

ಜೈತುನ್‌ಬೀ ಅರವತ್ತರ ಆಸುಪಾಸಿನ ಹೆಂಗಸು. ಅವಳ ಗಂಡ ಆ ಊರಲ್ಲಿ ಗೋರಿ ತೋಡುತ್ತಿದ್ದವನು, ತೀರಿಹೋಗಿ ಬಹಳ ವರ್ಷವಾಗಿತ್ತು. ಅವಳು ಖಬರಸ್ತಾನದ ಮೂಲೆಯ ಮನೆಯಲ್ಲೇ ಇದ್ದು ಕಸ ಗುಡಿಸಿ, ಆಡು ನುಗ್ಗದಂತೆ ಬೇಲಿ ಕಟ್ಟಿಕೊಂಡಿದ್ದಳು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದಳು.

“ನೀವು ಇಲ್ಲೇ ಕುಂತು ಬುತ್ತಿ ಬಿಚ್ಚಿದ್ದಿರಿ, ಈ ಬೇವಿನ ಗಿಡದ ಕೆಳಗ,” ಎಂದಳು. “ನಾ ನೀರು ತಂದು ಕೊಟ್ಟಿದ್ದೆ. ನನ್ನ ಮಗಳನ್ನ ಈ ಪಟ್ಟ್ಯಾಗ ಇಟ್ಟು ಆವಾಗ ಒಂದು ವರ್ಷನೂ ಆಗಿದ್ದಿಲ್ಲ.”

ಗೋರಿಗಳ ಮೇಲೆ ಕುಳಿತು ಉಂಡಿದ್ದೆ. ಆಗಲೇ ಯಾಕೆ ಹೇಳಲಿಲ್ಲ ಅಕ್ಕ ಎಂದು ಕೇಳಿದೆ.

“ಉಣ್ಣೂ ಮನಷ್ಯಾಗ ಏಳು ಅನ್ನಬೇಕೇನ್ರಿ?” ಎಂದಳು.

ಆ ದಿನ ಅವಳು ಹೇಳಿದ್ದನ್ನು ನಾನು ಮೊದಲ ವರ್ಷವೇ ಯಾರನ್ನಾದರೂ ಕೇಳಿದ್ದರೆ ತಿಳಿಯುತ್ತಿತ್ತು. ಗೋರಿಯ ಮೇಲೆ ಕಲ್ಲು ಇಡುವುದು ಎಲ್ಲರ ಪದ್ಧತಿಯಲ್ಲ. ಬಡವರಿಗೆ ಕಲ್ಲು ಎಟುಕುವುದಿಲ್ಲ, ಅದು ಒಂದು. ಇನ್ನೊಂದು, ಇದ್ದವರಲ್ಲೂ ಎಷ್ಟೋ ಜನ ತಮ್ಮ ಮೇಲೆ ಬರೀ ಮಣ್ಣು ಸಾಕು, ಮಳೆ ಬಂದು ನೆಲಕ್ಕೆ ಸಮ ಮಾಡಲಿ ಎಂದು ಹೇಳಿಯೇ ಸಾಯುತ್ತಾರೆ. ಗುರುತು ಅಳಿಯುವುದು ಅಲ್ಲಿ ಅಲಕ್ಷ್ಯವಲ್ಲ, ಅದೇ ಮರ್ಯಾದೆ. ಕಲ್ಲನ್ನೇ ಓದಲು ಕಲಿತ ನನಗೆ, ಕಲ್ಲು ಬೇಡವೆಂದವರು ಸತ್ತೇ ಇಲ್ಲದವರಂತೆ ಕಂಡಿದ್ದರು. ಹಾಗೆ ಬರೆದು ಸಹಿ ಬೇರೆ ಮಾಡಿದ್ದೆ. ಮೊದಲು ಹೇಳಿದ ಹೆದರಿಕೆ ಆಗ ಬಂದದ್ದು. ರಸ್ತೆಯವರ ಉರುಳುಬಂಡಿ ಅವಳ ಮಗಳ ಮೇಲೆ ಹಾಯ್ದರೆ ಅದಕ್ಕೆ ಅಪ್ಪಣೆ ಕೊಟ್ಟವನು ನಾನೇ ಆಗುತ್ತಿದ್ದೆ.

ಮಗಳದು ಯಾವ ಜಾಗ ಎಂದು ಕೇಳಿದೆ. ಅವಳು ಪಟ್ಟಿಯ ಉದ್ದಕ್ಕೂ ಒಮ್ಮೆ ಕೈಯಾಡಿಸಿ, “ಇದರಾಗೇ. ಎಲ್ಲಿ ಅಂತ ಕೇಳಬ್ಯಾಡ್ರಿ, ಮೂವತ್ತು ಮಳಿ ಬಿದ್ದಾವ,” ಎಂದಳು.

ಕಚೇರಿಗೆ ಬಂದು ನಮ್ಮ ಹೊಸ ಅಧಿಕಾರಿ ಮೇಡಂ ಮುಂದೆ ನಿಂತೆ. ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವರು, ಕೆಲಸದಲ್ಲಿ ಬಲು ಬಿಗಿ. ನಕ್ಷೆ ತಪ್ಪು, ತಪ್ಪು ನನ್ನದು, ಬರೆದು ಕೊಡುತ್ತೇನೆ ಎಂದೆ. ಅವರು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರು. ಬರೆದು ಕೊಟ್ಟರೆ ಕೊನೆಯ ವರ್ಷದಲ್ಲಿ ನಿಮ್ಮ ಮೇಲೆ ವಿಚಾರಣೆ ಬರುತ್ತದೆ. ಬರಲಿ ಎಂದರೂ, ಬರೀ ಬಾಯಿಮಾತಿನಿಂದ ಆ ಕಡತ ತಿರುಗುವುದಿಲ್ಲ. ಇಂಜಿನಿಯರು ಟೇಪು ಹಿಡಿದು ಅಳೆಯಬಹುದಾದ ಏನಾದರೂ ತನ್ನಿ, ನಾನು ನಿಮ್ಮ ಬೆನ್ನಿಗೆ ನಿಲ್ಲುತ್ತೇನೆ. ಏನು ತರಲಿ ಎಂದು ಅಂದೆಲ್ಲ ಲೆಕ್ಕ ಹಾಕಿದೆ. ಅಗೆದು ತೋರಿಸಿದರೆ ಒಂದು ಗಂಟೆಯ ಕೆಲಸ, ಆದರೆ ಗೋರಿ ಅಗೆಯುವುದನ್ನು ಊರವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಹೂಳಿದವರ ಹೆಸರುಗಳನ್ನು ಮಸೀದಿಯವರೂ ಬರೆದಿಟ್ಟಿರಲಿಲ್ಲ.

ದಾರಿ ತೋರಿಸಿದ್ದು ಜೈತುನ್‌ಬೀ. ಗೋರಿ ತೋಡುವವನಿಗೆ ಎಲ್ಲಕ್ಕಿಂತ ದೊಡ್ಡ ಭಯವೆಂದರೆ ಹಳೆಯ ಗೋರಿಗೆ ಹಾರೆ ತಗಲುವುದು. ಅವಳ ಗಂಡ ಅದನ್ನು ತಪ್ಪಿಸಲು ಪ್ರತಿ ವರ್ಷ ಬೇಸಿಗೆಯಲ್ಲಿ ಇಡೀ ಪಟ್ಟಿ ಸುತ್ತಾಡಿ ನೆಲ ನೋಡಿ ನೆನಪಿಟ್ಟುಕೊಳ್ಳುತ್ತಿದ್ದನಂತೆ.

“ಮೇ ತಿಂಗಳ ಬಿಸಲ ಬೀಳಲಿ, ಆವಾಗ ಬರ್ರಿ,” ಎಂದಳು. “ನೆಲ ತಾನೇ ಹೇಳತದ. ನಮ್ಮವರು ಅದನ್ನ ನೋಡೇ ತೋಡತಿದ್ದರು.”

ವಿಷಯ ಇಷ್ಟು. ನಮ್ಮ ಕಡೆ ಮೇಲೆ ಎರೆ ಮಣ್ಣು, ಕೆಳಗೆ ಬಿಳಿಚಿದ ಗರಸು, ಅಂದರೆ ಗಟ್ಟಿ ಜಲ್ಲಿಮಣ್ಣು. ಗೋರಿಯ ತಳದಲ್ಲಿ ಪಡುವಣ ಮಗ್ಗುಲಿಗೆ ಒಂದು ಗೂಡು ಕೊರೆದು ಹೆಣವನ್ನು ಅದರಲ್ಲಿ ಮಲಗಿಸಿ ಚಪ್ಪಡಿ ಮುಚ್ಚುತ್ತಾರೆ. ಎರೆ ಮಣ್ಣಿನಲ್ಲಿ ಗೂಡು ನಿಲ್ಲುವುದಿಲ್ಲ, ಕುಸಿಯುತ್ತದೆ. ಆದ್ದರಿಂದ ಗರಸು ಸಿಗುವ ತನಕ ತೋಡಲೇಬೇಕು. ಮತ್ತೆ ಮುಚ್ಚುವಾಗ ಎರೆಯೂ ಗರಸೂ ಕಲೆತುಹೋಗುತ್ತವೆ. ಎರೆ ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಗರಸು ಕಲೆತ ಮಣ್ಣು ಬಿರುಕು ಬಿಡುವುದಿಲ್ಲ. ನೂರು ವರ್ಷ ಕಳೆದರೂ ಬಿಡುವುದಿಲ್ಲ. ಚಳಿಗಾಲದಲ್ಲಿ ನಕ್ಷೆ ಬರೆಯುವುದು ನಮ್ಮ ಇಲಾಖೆಯ ವಾಡಿಕೆ. ಹವೆ ತಂಪಾಗಿರುತ್ತದೆ, ಸಾಹೇಬರಿಗೆ ಬೆವರು ಬರುವುದಿಲ್ಲ. ಮೂವತ್ತೈದು ವರ್ಷ ನಾನು ನೆಲ ಬಾಯಿ ಮುಚ್ಚಿಕೊಂಡಿರುವ ಹೊತ್ತಿಗೇ ಹೋಗಿ ಅದನ್ನು ಮಾತಾಡಿಸುತ್ತಿದ್ದೆ.

ಮೇ ಎರಡನೆಯ ವಾರ ಹೋದೆ. ಇಡೀ ಪಟ್ಟಿ ಸೀಳಿ ಬಿಟ್ಟಿತ್ತು. ಮೊದಲು ಎಲ್ಲ ಬಿರುಕುಗಳೂ ಒಂದೇ ಗೋಜಲಾಗಿ ಕಂಡವು. ಒಂದು ತಾಸು ಕುಕ್ಕರುಗಾಲಲ್ಲಿ ಕುಳಿತು ನೋಡಿದ ಮೇಲೆ ಕಣ್ಣು ಪಳಗಿತು. ಬಿರುಕುಗಳು ಓಡಿ ಬಂದು ಒಂದು ಕಡೆ ತಟ್ಟನೆ ನಿಲ್ಲುತ್ತವೆ, ಒಂದಾಳುದ್ದ ಬಿಟ್ಟು ಮತ್ತೆ ಶುರುವಾಗುತ್ತವೆ. ನಡುವೆ ನುಣ್ಣಗಿನ ಮಣ್ಣು, ಉತ್ತರದಿಂದ ದಕ್ಷಿಣಕ್ಕೆ ಚಾಚಿದೆ. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು. ಸಾಲು ಸಾಲಾಗಿ, ಮನೆಯಲ್ಲಿ ನೆಂಟರು ಮಲಗಿದ ಹಾಗೆ. ನನ್ನ ಕಣ್ಣಲ್ಲಿ ನೀರು ಬಂತು ಎಂದು ಬರೆಯಲು ನಾಚಿಕೆಯಿಲ್ಲ.

ನಾಲ್ಕು ದಿನ ಒಂದೊಂದರ ಸುತ್ತ ಸುಣ್ಣದ ಗೆರೆ ಎಳೆದು, ಅಳೆದು, ನಂಬರು ಹಾಕುತ್ತ ಹೋದೆ. ಬರಿಗಾಲಲ್ಲಿ ಓಣಿಯಲ್ಲೇ ನಡೆಯಬೇಕು, ಓಣಿ ಎಲ್ಲಿದೆ ಎಂದು ತಿಳಿಯಲು ಮೊದಲು ಗೋರಿ ಕಾಣಬೇಕು, ಅಂಗಾಲು ಸುಟ್ಟು ಬೊಬ್ಬೆ ಬಂದವು. ಉತ್ಸಾಹ ಏರಿ, ಬೇಲಿಯ ಹತ್ತಿರ ಅಗಲವಾದ ನುಣ್ಣನೆಯ ಜಾಗ ಕಂಡು ಯಾರೋ ದೊಡ್ಡ ಮನುಷ್ಯರಿರಬೇಕೆಂದು ಭಕ್ತಿಯಿಂದ ಸುಣ್ಣ ಹಾಕುತ್ತಿದ್ದೆ. ಜೈತುನ್‌ಬೀ ಸೆರಗು ಬಾಯಿಗೆ ಹಿಡಿದು ನಗತೊಡಗಿದಳು. ಅದು ಮೂಡಣ ಪಡುವಣವಾಗಿತ್ತು. ಎಷ್ಟೋ ವರ್ಷ ಅಲ್ಲಿ ಅವಳ ಎಮ್ಮೆ ಕಟ್ಟುತ್ತಿದ್ದರಂತೆ, ತುಳಿದು ತುಳಿದು ನೆಲ ಗಟ್ಟಿಯಾಗಿತ್ತು. ಎಮ್ಮೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅರವತ್ತೆರಡು ಗೋರಿಗಳಾದವು.

ಐದನೆಯ ದಿನ ಬೆಳಿಗ್ಗೆ ಮೇಡಂ ತಾವೇ ಡ್ರೋನು ತಂದರು. ಎಳೆ ಬಿಸಿಲು ಓರೆಯಾಗಿ ಬೀಳುವಾಗ ತೆಗೆದ ಚಿತ್ರದಲ್ಲಿ ನಾನು ಸುಣ್ಣ ಹಾಕದಿದ್ದರೂ ಕಾಣುವಷ್ಟು ನಿಚ್ಚಳವಾಗಿ ಸಾಲುಗಳು ಮೂಡಿದ್ದವು. ಮೇಡಂ ಬಹಳ ಹೊತ್ತು ನೋಡಿದರು. ಅಂದೇ ಇದನ್ನು ಬರೆಯಬೇಕಿತ್ತಲ್ಲವೇ ಎಂದು ಕೇಳಿದರು. ಹೌದು ಎಂದೆ. ಆ ಮಧ್ಯಾಹ್ನವೇ ನನ್ನ ತಪ್ಪೊಪ್ಪಿಗೆ ಬರೆದು, ಹೊಸ ನಕ್ಷೆ ಹಚ್ಚಿ ಅವರ ಕೈಗೆ ಕೊಟ್ಟೆ.

ಜೂನ್ ಮೊದಲ ವಾರ, ಮಳೆ ಬೀಳುವ ಮುಂಚೆ, ರಸ್ತೆಯ ಇಂಜಿನಿಯರು ಸ್ಥಳ ನೋಡಲು ಬಂದರು. ಕೆಟ್ಟವರಲ್ಲ. ಬೂಟು ಬಿಚ್ಚಿ ಓಣಿಯಲ್ಲೇ ನಡೆದರು, ಟೇಪು ಹಿಡಿದು ಎರಡು ಮೂರು ಕಡೆ ತಾವೇ ಅಳೆದರು. ಆದರೆ ಎದುರು ಮಗ್ಗುಲಿಗೆ ಹಳ್ಳವಿತ್ತು, ಅದನ್ನು ತುಂಬಿ ರಸ್ತೆ ಸರಿಸುವುದು ತಲೆನೋವಿನ ಕೆಲಸ. ಅವರು ಒಂದು ನಡುವಿನ ದಾರಿ ತೆಗೆದರು. ಇವುಗಳಲ್ಲಿ ಹೆಚ್ಚಿನವು ಯಾರವೆಂದು ಹೇಳುವವರಿಲ್ಲ. ಹೇಳುವವರಿದ್ದರೆ ಅಂಥ ಗೋರಿಯನ್ನು ಉಳಿಸಿ ಸುತ್ತ ಕಟ್ಟೆ ಕಟ್ಟಿಸಿಕೊಡುತ್ತೇವೆ, ರಸ್ತೆ ಅದನ್ನು ಮಾತ್ರ ಬಳಸಿ ಹೋಗುತ್ತದೆ ಎಂದರು. ಅರ್ಜಿಯ ಮೊದಲ ಹೆಬ್ಬೆಟ್ಟು ನಿಮ್ಮದೇ ಅಲ್ಲವೇ, ನಿಮ್ಮ ಮಗಳದು ಯಾವುದು ತೋರಿಸಿ ಎಂದು ಜೈತುನ್‌ಬೀಯನ್ನು ಮರಾಠಿಯಲ್ಲಿ ಕೇಳಿದರು.

ಅವಳಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಆದರೂ ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. “ಸಾಹೇಬರಿಗಿ ಹೇಳ್ರಿ ಅಣ್ಣಾರ. ನನಗ ಗೊತ್ತಿಲ್ಲ ಅಂತ ಹೇಳ್ರಿ. ಮತ್ತ ಇದನ್ನೂ ಹೇಳ್ರಿ, ಗೊತ್ತಿದ್ದರೂ ತೋರಸೂದಿಲ್ಲ. ನಾ ಒಂದರ ಮ್ಯಾಲ ಬೆರಳ ಇಟ್ಟು ಇದು ನಂದು ಅಂದರ, ಉಳದದ್ದೆಲ್ಲಾ ಯಾರದೂ ಅಲ್ಲ ಅಂತ ಬರಕೋತೀರಿ. ಅರವತ್ತೆರಡೂ ನನ್ನವೇ ಅವ.”

ನಾನು ಒಂದಕ್ಷರ ಬಿಡದೆ ಮರಾಠಿಯಲ್ಲಿ ಹೇಳಿದೆ. ಇಂಜಿನಿಯರು ಮೇಡಂ ಕಡೆ ನೋಡಿದರು. ಮೇಡಂ ನಕ್ಷೆಯ ಕೆಳಗೆ ಬೆರಳಿಟ್ಟು, ನಮ್ಮ ಇಲಾಖೆಯ ಅಭಿಪ್ರಾಯವೂ ಅಷ್ಟೇ, ಪಟ್ಟಿ ಇಡಿಯಾಗಿ ಉಳಿಯಬೇಕು, ಒಂದೊಂದಾಗಿ ಅಲ್ಲ ಎಂದರು. ಇಂಜಿನಿಯರು ಬೂಟು ಹಾಕಿಕೊಂಡು ಹೋದರು. ಎರಡು ತಿಂಗಳು ಏನೂ ತಿಳಿಯಲಿಲ್ಲ. ಆ ಎರಡು ತಿಂಗಳು ನಾನು ಊಟದ ಮುಂದೆ ಕುಳಿತಾಗಲೆಲ್ಲ ಬೇವಿನಮರದ ಬುಡ ನೆನಪಾಗುತ್ತಿತ್ತು.

ನನ್ನ ಮೇಲೆ ವಿಚಾರಣೆ ನಡೆಯಿತು. ಕರ್ತವ್ಯದಲ್ಲಿ ಎಚ್ಚರ ತಪ್ಪಿದ್ದಕ್ಕೆ ಒಂದು ತಾಕೀತು ಪತ್ರ ಕೊಟ್ಟರು. ನನ್ನ ಸೇವಾ ಪುಸ್ತಕದ ಕೊನೆಯ ಪುಟ ಅದೇ. ಪ್ರಶಂಸೆಯ ಪತ್ರಗಳೂ ಅದರಲ್ಲಿವೆ, ಅವು ಎಲ್ಲರಿಗೂ ಸಿಗುವಂಥವು. ಈ ತಾಕೀತು ಪತ್ರವನ್ನು ಮಾತ್ರ ನಾನು ಕಷ್ಟಪಟ್ಟು ಸಂಪಾದಿಸಿದ್ದು. ಹೊಸಬರಿಗೆ ಹೇಳುವುದೇನೆಂದರೆ, ನಿಮ್ಮ ನಕ್ಷೆ ತಪ್ಪು ಎಂದು ಗೊತ್ತಾದ ದಿನ ಮೊದಲು ನೀವೇ ಹೇಳಿ. ಅದರಿಂದ ಯಾರೂ ಸಾಯುವುದಿಲ್ಲ, ನಾನು ಪ್ರಯೋಗ ಮಾಡಿ ನೋಡಿದ್ದೇನೆ.

ಆಗಸ್ಟಿನಲ್ಲಿ ಆದೇಶ ಬಂತು. ರಸ್ತೆ ಹಳ್ಳದ ಕಡೆಗೆ ಸರಿಯುತ್ತದೆ, ಖಬರಸ್ತಾನದ ಪಟ್ಟಿಗೆ ಕೈ ಹಚ್ಚುವುದಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಹೊಸ ನಕ್ಷೆಯ ನನ್ನ ಕೈಬರಹದ ಹಾಳೆಯನ್ನು ಅವಳಿಗೇ ಕೊಡೋಣವೆಂದು ಹಿಡಿದುಕೊಂಡು ಹೋದೆ. ಮಳೆ ಚೆನ್ನಾಗಿ ಆಗಿತ್ತು. ಬಿರುಕುಗಳೆಲ್ಲ ಕೂಡಿಕೊಂಡು, ಪಟ್ಟಿಯ ತುಂಬ ಮೊಣಕಾಲುದ್ದ ಹುಲ್ಲು ಬೆಳೆದು, ನಾಲ್ಕು ದಿನ ಬೆನ್ನು ಬಗ್ಗಿಸಿ ಅಳೆದ ನನಗೇ ಒಂದೂ ಗೋರಿ ಗುರುತು ಸಿಗದಂತಾಗಿತ್ತು.

ಸುದ್ದಿ ಹೇಳಿದೆ. ಜೈತುನ್‌ಬೀ ರಸ್ತೆಯ ಕಡೆ ನೋಡಿದಳು, ಯಾರೂ ಇರಲಿಲ್ಲ. “ಬರ್ರಿ ನನ್ನ ಹಿಂದ,” ಎಂದು ಹುಲ್ಲಿನೊಳಗೆ ಹೊರಟಳು. ಎಲ್ಲೂ ತಡೆಯಲಿಲ್ಲ, ಎಲ್ಲೂ ಹುಡುಕಲಿಲ್ಲ. ಒಂದು ಕಡೆ ತಿರುಗಿ, ಎರಡು ಹೆಜ್ಜೆ ಬದಿಗೆ ಸರಿದು, ರಸ್ತೆಗೆ ಎಲ್ಲಕ್ಕಿಂತ ಹತ್ತಿರದ ಸಾಲಿನಲ್ಲಿ ಕುಳಿತು ಹುಲ್ಲಿನ ಮೇಲೆ ಅಂಗೈ ಇಟ್ಟಳು.

“ಇಲ್ಲಿ ಅದಾಳ,” ಎಂದಳು. “ಶಮೀಮ್. ಎರಡು ವರ್ಷದಾಕಿ.”

ಗೊತ್ತಿಲ್ಲ ಎಂದಿರಲ್ಲ ಅಕ್ಕ ಎಂದೆ.

“ಒಂದಿನಾನೂ ಮರತಿಲ್ಲ. ನಿಮಗ ಹೇಳಿದ್ದರ ನಿಮ್ಮ ಕಣ್ಣು ಇಲ್ಲೇ ಹೋಗತಿದ್ದವು. ಆ ಸಾಹೇಬ ನಿಮ್ಮ ಕಣ್ಣೇ ನೋಡಲಿಕತ್ತಿದ್ದ,” ಎಂದಳು. ಆಮೇಲೆ ನನ್ನ ಕೈಯಲ್ಲಿದ್ದ ನಕ್ಷೆಯ ಕಡೆ ಗದ್ದ ತೋರಿಸಿ, “ಆಕಿಗೇನು ನಂಬರ ಹಾಕೀರಿ?” ಎಂದು ಕೇಳಿದಳು.

ಬೇವಿನಮರದಿಂದ ಟೇಪು ಹಿಡಿದು ಅಳೆದೆ, ಎರಡು ಸಲ ಅಳೆದೆ. ಹಾಳೆಯಲ್ಲಿ ಅದು ನಲವತ್ತೊಂದು. ಎಲ್ಲಕ್ಕಿಂತ ಚಿಕ್ಕದು. ಮಗುವಿಗೆ ಆಳವಾಗಿ ತೋಡುವುದಿಲ್ಲ, ಗರಸು ಕಲೆತದ್ದೂ ಕಡಿಮೆ, ಗುರುತು ಮಸುಕಾಗಿತ್ತು. ಗಿಡ ನೆಟ್ಟ ಗುಂಡಿಯೂ ಇರಬಹುದೆಂದು ಅರವತ್ತೆರಡರಲ್ಲಿ ಅದೊಂದರ ಪಕ್ಕ ಮಾತ್ರ ನಾನು ಪೆನ್ಸಿಲಿನಿಂದ ಪ್ರಶ್ನೆಯ ಗುರುತು ಹಾಕಿದ್ದೆ.

“ನಲವತ್ತೊಂದು,” ಎಂದೆ.

“ಇಕ್ತಾಲೀಸ್,” ಎಂದು ಅವಳು ತನ್ನ ಮಾತಿನಲ್ಲಿ ಒಮ್ಮೆ ಹೇಳಿಕೊಂಡಳು. ನಾನು ಅವಳ ಪಕ್ಕ ಓಣಿಯಲ್ಲಿ ಕುಳಿತು, ಹಾಳೆಯನ್ನು ಮೊಣಕಾಲ ಮೇಲೆ ಹರಡಿ, ಜೇಬಿನಿಂದ ರಬ್ಬರು ತೆಗೆದು ಆ ಪ್ರಶ್ನೆಯ ಗುರುತನ್ನು ಅಳಿಸಿದೆ.